ಅಳತೆ ಕೊಟ್ಟು ಮಾಡಿಸಿದ ನೈಟ್ ಗಾರ್ಡ್: 14 ತಿಂಗಳು ಹಾಕಿದ ಮೇಲೆ

ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ತೊಂದರೆಗೆ ನಾನು ಎರಡು ವರ್ಷದಲ್ಲಿ ಮೂರು ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿನ ಸಾಲಿಗೆ ಹಾಕುವ ಕವಚ, ಕೊಂಡಿದ್ದೇನೆ. ಮೊದಲನೆಯದು ಆನ್‌ಲೈನ್‌ನಲ್ಲಿ ತರಿಸಿದ್ದು, 650 ರೂಪಾಯಿ. ಎರಡನೆಯದು ಒಂದು ಕ್ಲಿನಿಕ್‌ನಲ್ಲಿ ಮಾಡಿಸಿದ ಮೆತ್ತನೆಯದು, 1,800. ಮೂರನೆಯದು ಡೆಂಟಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮಾಡಿಸಿದ ಅಕ್ರಿಲಿಕ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನದು, 2,600. ಈಗ ಹಾಕುತ್ತಿರುವುದು ಮೂರನೆಯದನ್ನೇ. 14 ತಿಂಗಳಾಯಿತು. ಬರೆಯಬೇಕು ಅಂದುಕೊಂಡಿದ್ದು ಅದರ ಬಗ್ಗೆ, ಆದರೆ ಮೊದಲಿನ ಎರಡರ ಕಥೆ ಹೇಳದಿದ್ದರೆ ಇದು ಯಾಕೆ ಚೆನ್ನಾಗಿದೆ ಅಂತ ಗೊತ್ತಾಗಲ್ಲ.

ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವವಳು. 22 ವರ್ಷದಿಂದ ಮಷಿನ್ ಮುಂದೆ ಕೂತಿದ್ದೇನೆ. ಮದುವೆ ಸೀಸನ್‌ನಲ್ಲಿ ಬೆಳಿಗ್ಗೆ 9ಕ್ಕೆ ಕೂತರೆ ಏಳುವುದು ರಾತ್ರಿ 11ಕ್ಕೆ. ಮೂರು ವರ್ಷದ ಹಿಂದೆ ಬೆಳಿಗ್ಗೆ ಏಳುವಾಗಲೇ ಕಣತಲೆ ನೋವು ಶುರುವಾಯಿತು. ಕಣ್ಣಿನ ಕೆಲಸ ಅಲ್ವಾ, ಅದಕ್ಕೇ ಇರಬೇಕು ಅಂತ ಕನ್ನಡಕ ಬದಲಾಯಿಸಿದೆ. ಕಡಿಮೆ ಆಗಲಿಲ್ಲ. ಆಮೇಲೆ ಎಡಗಿವಿ ನೋವು. ಕಿವಿ ಡಾಕ್ಟರ್ ಒಳಗೆಲ್ಲ ನೋಡಿ, ಕಿವಿ ಚೆನ್ನಾಗಿದೆ, ದವಡೆ ತೋರಿಸಿ ಅಂದರು. ದವಡೆಯ ಕೀಲು ಕಿವಿಯ ಮುಂದೆಯೇ ಇರುತ್ತದೆ. ಕಿವಿ ಮುಂದೆ ಬೆರಳಿಟ್ಟು ಬಾಯಿ ತೆಗೆದು ಮುಚ್ಚಿದರೆ ಅದು ಜರುಗುವುದು ಕೈಗೇ ಸಿಗುತ್ತದೆ. ಅಲ್ಲಿನ ನೋವು ಕಿವಿ ನೋವಿನ ಹಾಗೇ ಇರುತ್ತದೆ.

ಆ ರಾತ್ರಿ ನಮ್ಮ ಮನೆಯವರನ್ನು ಕೇಳಿದೆ, ನಿದ್ದೆಯಲ್ಲಿ ನಾನು ಹಲ್ಲು ಕಡೀತೀನಾ ಅಂತ. "ಕಡೀತೀಯ, ಕರಕರ ಅಂತ. ಬೆಳಿಗ್ಗೆ ಹೇಳೋಣ ಅಂದ್ಕೋತೀನಿ, ಮರ್ತುಹೋಗುತ್ತೆ" ಅಂದರು. ಅತ್ತೆ ಅಲ್ಲೇ ಕೂತಿದ್ದರು. "ಹೊಟ್ಟೇಲಿ ಜಂತುಹುಳ ಇದ್ರೆ ಹಂಗೇ ಕಣವ್ವ, ಮಾತ್ರೆ ತಗೋ" ಅಂದರು. ಮಾತ್ರೆ ತಗೊಂಡೆ. ಏನೂ ಬದಲಾಗಲಿಲ್ಲ. ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಹುಳಕ್ಕೂ ಹಲ್ಲು ಕಡಿಯುವುದಕ್ಕೂ ಸಂಬಂಧ ಇದೆ ಅನ್ನಲು ಗಟ್ಟಿ ಆಧಾರ ಇಲ್ಲ ಅಂತ ಆಮೇಲೆ ಡಾಕ್ಟರ್ ಹೇಳಿದರು.

ಮೊದಲನೆಯದು, ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಗಾರ್ಡ್. ಡಬ್ಬಿಯಲ್ಲಿ ಲಾಳದ ಆಕಾರದ ಪ್ಲಾಸ್ಟಿಕ್ ಬರುತ್ತದೆ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿಕೊಂಡು ಹಲ್ಲಿಗೆ ಇಟ್ಟು ಕಚ್ಚಬೇಕು. ಹಲ್ಲಿನ ಅಚ್ಚು ಅದರಲ್ಲಿ ಕೂರುತ್ತದೆ. ನಾನು ಎರಡು ಸಲ ಪ್ರಯತ್ನ ಮಾಡಿದೆ. ಎರಡು ಸಲವೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಬಂತು. ಹಿಂದಿನ ಅಂಚು ಒಸಡಿಗೆ ಚುಚ್ಚುತ್ತಿತ್ತು. ಕತ್ತರಿಯಿಂದ ಕತ್ತರಿಸಿದೆ, ಅಂಚು ಇನ್ನೂ ಹರಿತವಾಯಿತು. ರೆಡಿಮೇಡ್ ಬ್ಲೌಸ್ ತಂದು ಸೈಡ್ ಹಿಡಿದುಕೊಡಿ ಅನ್ನುವವರು ಇರುತ್ತಾರಲ್ಲ, ಎಷ್ಟು ಹಿಡಿದರೂ ತೋಳಿನ ಕೆಳಗೆ ಸುಕ್ಕು ಹೋಗಲ್ಲ. ಇದೂ ಹಾಗೇ. ರಾತ್ರಿ ಯಾವಾಗಲೋ ನಾನೇ ತೆಗೆದು ದಿಂಬಿನ ಪಕ್ಕ ಹಾಕಿರುತ್ತಿದ್ದೆ. ಮೂರು ವಾರಕ್ಕೆ ಬಿಟ್ಟೆ. ಒಂದೆರಡು ದಿನದ ಮಟ್ಟಿಗೆ, ಡಾಕ್ಟರ್ ಹತ್ತಿರ ಹೋಗುವವರೆಗೆ ಆದರೆ ಇದು ಸರಿ. ವರ್ಷಗಟ್ಟಲೆ ಹಾಕುವ ವಸ್ತು ಅಲ್ಲ.

ಎರಡನೆಯದರಲ್ಲಿ ನನಗೆ ಬೇಜಾರಾಗಿದ್ದು ಗಾರ್ಡ್‌ಗಿಂತ ಅದನ್ನು ಕೊಟ್ಟ ರೀತಿ. ಹೆಸರು ಬೇಡ, ಊರಲ್ಲೇ ಇರುವ ಒಂದು ಕ್ಲಿನಿಕ್. ಅಳತೆ ತೆಗೆದರು, ನಾಲ್ಕು ದಿನ ಬಿಟ್ಟು ಬರಲು ಹೇಳಿದರು, ಕವರ್‌ನಲ್ಲಿ ಹಾಕಿ ಕೌಂಟರ್‌ನಲ್ಲೇ ಕೊಟ್ಟರು. ಬಾಯಿಗೆ ಹಾಕಿ ನೋಡಲಿಲ್ಲ. ಕಚ್ಚಿಸಿ ನೋಡಲಿಲ್ಲ. ಏನು ಕೆಲಸ ಮಾಡುತ್ತೀರಿ ಅಂತಲೂ ಕೇಳಲಿಲ್ಲ. ನನ್ನ ಅಂಗಡಿಯಲ್ಲಿ ಟ್ರಯಲ್ ಇಲ್ಲದೆ ಮದುವೆ ಬ್ಲೌಸ್ ಕಳಿಸುವುದಿಲ್ಲ. ಅದು ಒಂದು ದಿನ ಹಾಕುವ ಬಟ್ಟೆ. ಇದು ದಿನಾ ಏಳು ಗಂಟೆ ಬಾಯಲ್ಲಿ ಇರುವ ವಸ್ತು, ಅಲ್ವಾ?

ಮೆತ್ತನೆ ಗಾರ್ಡ್ ಹಾಕಿಕೊಳ್ಳಲು ಹಿತವಾಗಿರುತ್ತದೆ, ಅದು ನಿಜ. ರಬ್ಬರ್ ತರದ ಹಾಳೆಯನ್ನು ಬಿಸಿ ಮಾಡಿ ಹಲ್ಲಿನ ಅಚ್ಚಿನ ಮೇಲೆ ಎಳೆದು ಕೂರಿಸಿ ಮಾಡುತ್ತಾರೆ. ಮೊದಲ ರಾತ್ರಿಯೇ ನಿದ್ದೆ ಬಂತು. ಆದರೆ ಎರಡನೇ ವಾರದಿಂದ ದವಡೆ ಇನ್ನೂ ಜಾಸ್ತಿ ದಣಿಯತೊಡಗಿತು. ಬಾಯಲ್ಲಿ ಮೆತ್ತನೆ ವಸ್ತು ಇದ್ದರೆ ಕೆಲವರು ಅದನ್ನು ಅಗಿಯುವ ಹಾಗೆ ಇನ್ನಷ್ಟು ಕಚ್ಚುತ್ತಾರಂತೆ. ಎಲ್ಲರಿಗೂ ಹೀಗೆ ಆಗಲ್ಲ, ನನಗೆ ಆಯಿತು. ನಾಲ್ಕು ತಿಂಗಳಿಗೆ ಎಡಗಡೆ ಹಿಂದಿನ ದವಡೆ ಹಲ್ಲಿನ ಜಾಗದಲ್ಲಿ ಗಾರ್ಡ್‌ಗೆ ತೂತು ಬಿತ್ತು. ಅದೇ ತಿಂಗಳು ಆ ಹಲ್ಲಿನ ಹಳೇ ಫಿಲ್ಲಿಂಗ್ ಒಡೆಯಿತು. ಊಟದ ತಟ್ಟೆಯಲ್ಲಿ ಬಿದ್ದ ಆ ಚೂರನ್ನು ಕಲ್ಲು ಅಂದುಕೊಂಡು ಪಕ್ಕಕ್ಕೆ ಎತ್ತಿಟ್ಟಿದ್ದೆ. ನಾಲಿಗೆಗೆ ಗುಂಡಿ ಸಿಕ್ಕಿದಾಗ ಗೊತ್ತಾಯಿತು. ಆವತ್ತು ನಿಜವಾಗಿ ಹೆದರಿದೆ.

ಫಿಲ್ಲಿಂಗ್ ಒಡೆದ ಮೇಲೆ ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಹೋದೆ. ಅಲ್ಲಿ ನೋಡುವವರು ಎಂಡಿಎಸ್ (ಹಲ್ಲಿನ ಡಾಕ್ಟರುಗಳ ಮೇಲಿನ ಓದು) ಓದುತ್ತಿರುವ ಡಾಕ್ಟರುಗಳು, ಮೇಲೆ ಒಬ್ಬರು ಪ್ರೊಫೆಸರ್ ಬಂದು ಪರೀಕ್ಷೆ ಮಾಡುತ್ತಾರೆ. ಖರ್ಚು ಕಡಿಮೆ, ಸಮಯ ಜಾಸ್ತಿ. ನನಗೆ ಒಟ್ಟು ಐದು ಸಲ ಹೋಗಬೇಕಾಯಿತು, ಪ್ರತಿ ಸಲ ಅರ್ಧ ದಿನ ಕೆಲಸ ಹೋಯಿತು. ಇದು ಮುಖ್ಯವಾದ ತೊಂದರೆ, ದಿನಗೂಲಿಯವರಿಗೆ ಇನ್ನೂ ಕಷ್ಟ.

ಆದರೆ ಮೊದಲ ದಿನವೇ ನನಗೆ ಬೇರೆ ಅನಿಸಿದ್ದು, ಅವರು ಹಲ್ಲಿಗಿಂತ ಮೊದಲು ನನ್ನನ್ನು ಕೇಳಿದರು. ಕೆಲಸ ಏನು, ನಿದ್ದೆ ಎಷ್ಟು, ಗೊರಕೆ ಇದೆಯಾ, ಹಗಲು ತೂಕಡಿಕೆ ಬರುತ್ತಾ, ಯಾವ ಮಾತ್ರೆ ತಗೋತೀರಿ, ಟೀ ಎಷ್ಟು ಸಲ. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿಯುವುದು ಬರಬಹುದು, ಹಾಗಂತ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು ಅಂದರು. ಗೊರಕೆ ಜೋರಾಗಿದ್ದು ಉಸಿರು ನಿಂತು ನಿಂತು ಬರುವವರಿದ್ದರೆ ಮೊದಲು ಅದನ್ನು ತೋರಿಸಿಕೊಳ್ಳಬೇಕು, ಗಾರ್ಡ್ ಆಮೇಲೆ. ಅಡಿಕೆ ಹಾಕ್ತೀರಾ ಅಂತಲೂ ಕೇಳಿದರು. ಹಾಕುತ್ತಿದ್ದೆ, ಹೊಲಿಯುವಾಗ ಒಂದೊಂದು ಚೂರು. ಇಡೀ ದಿನ ಅಗಿದರೆ ದವಡೆಗೆ ಬಿಡುವೇ ಇರಲ್ಲ, ಅದಕ್ಕಿಂತ ದೊಡ್ಡದು ಬಾಯಿ ಕ್ಯಾನ್ಸರಿನ ಅಪಾಯ ಅಂದರು. ಬಾಯಿ ಪೂರ್ತಿ ತೆರೆಯುತ್ತದಾ ಅಂತ ತಿಳಿಯಲು ನನ್ನದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತಾ ನೋಡಿದರು. ಹೋಯಿತು. ಅಡಿಕೆ ಅವತ್ತೇ ಬಿಟ್ಟೆ.

ಆಮೇಲೆ ನನ್ನನ್ನು ನೋಡುತ್ತಿದ್ದ ಹುಡುಗಿ ಡಾಕ್ಟರ್ ನನ್ನ ಕೈ ಹಿಡಿದು ನನ್ನ ಕೆನ್ನೆ ಮೇಲೇ ಇಟ್ಟಳು. "ಆಂಟಿ, ಈಗ ಹಲ್ಲು ಕಚ್ಚಿ" ಅಂದಳು. ಕಚ್ಚಿದೆ. ಕಿವಿಯ ಕೆಳಗೆ ದವಡೆ ಮೂಲೆಯಲ್ಲಿ ನಿಂಬೆಹಣ್ಣಿನ ಹಾಗೆ ಗಟ್ಟಿ ಉಂಡೆ ಎದ್ದು ಬಂತು. ಬಿಟ್ಟರೆ ಇಳಿಯಿತು. "ಇದು ಅಗಿಯೋ ಸ್ನಾಯು. ನಿಮ್ದು ಬೆಳೆದಿದೆ ನೋಡಿ" ಅಂದಳು. ಕನ್ನಡಿ ಕೊಟ್ಟು ನಾಲಿಗೆ ಚಾಚಿಸಿದಳು. ಅಂಚಿನ ಉದ್ದಕ್ಕೂ ಹಲ್ಲಿನ ಅಚ್ಚು, ಕರ್ಜಿಕಾಯಿ ಅಂಚಿನ ಹಾಗೆ. ಕೆನ್ನೆಯ ಒಳಗೆ ಹಲ್ಲು ಕೂಡುವ ಜಾಗದಲ್ಲಿ ಒಂದು ಬಿಳಿ ಗೆರೆ. ಮುಂದಿನ ಒಂದು ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು. ಅದನ್ನು ನೋಡಿ ನಕ್ಕು, "ದಾರ ಹಲ್ಲಲ್ಲಿ ಕಡೀತೀರಾ?" ಅಂದಳು. 22 ವರ್ಷದಿಂದ ಕಡಿದಿದ್ದೇನೆ. ಅದು ನನ್ನ ಹಲ್ಲಿನಲ್ಲಿ ಬರೆದಿಟ್ಟ ಹಾಗೆ ಇತ್ತು.

ಇನ್ನು ಅಳತೆ. ಗುಲಾಬಿ ಬಣ್ಣದ ಪುಡಿಗೆ ನೀರು ಹಾಕಿ ರಬ್ಬರ್ ಬಟ್ಟಲಲ್ಲಿ ಬೇಗ ಬೇಗ ಕಲಸುತ್ತಾರೆ, ದೋಸೆ ಹಿಟ್ಟಿಗಿಂತ ಗಟ್ಟಿ. ಅದನ್ನು ಹಲ್ಲಿನ ಸಾಲಿನ ಆಕಾರದ ಸಣ್ಣ ತಟ್ಟೆಯಲ್ಲಿ ತುಂಬಿ ಬಾಯಿಗೆ ಇಡುತ್ತಾರೆ. ಒಂದೆರಡು ನಿಮಿಷಕ್ಕೆ ರಬ್ಬರಿನ ಹಾಗೆ ಆಗುತ್ತದೆ. ಮೇಲಿನದು ಇಟ್ಟಾಗ ವಾಕರಿಕೆ ಬಂದ ಹಾಗೆ ಆಗುತ್ತದೆ, ಮುಂದಕ್ಕೆ ಬಾಗಿ ಮೂಗಿನಲ್ಲಿ ಉಸಿರಾಡಿದರೆ ತಡೆಯಬಹುದು. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ಹಲ್ಲಿನ ಗೊಂಬೆ ಮಾಡುತ್ತಾರೆ, ಅದರ ಮೇಲೆ ಗಾರ್ಡ್ ತಯಾರಾಗುತ್ತದೆ. ನನ್ನದು ಮೇಲಿನ ಹಲ್ಲಿಗೆ, ಪೂರ್ತಿ ಸಾಲು ಮುಚ್ಚುವ ಹಾಗೆ, ಸುಮಾರು 2 ಮಿ.ಮೀ. ದಪ್ಪ. ಮುಂದಿನ ನಾಲ್ಕು ಹಲ್ಲಿಗೆ ಮಾತ್ರ ಹಾಕುವ ಚಿಕ್ಕವೂ ಸಿಗುತ್ತವೆ. ಆದರೆ ಹಿಂದಿನ ಹಲ್ಲಿಗೆ ಆಸರೆ ಇಲ್ಲದೆ ಬಹಳ ಕಾಲ ಹಾಕಿದರೆ ಹಲ್ಲು ಕೂಡುವ ರೀತಿಯೇ ಬದಲಾಗಬಹುದು ಅಂತ ಪ್ರೊಫೆಸರ್ ಅದನ್ನು ಬೇಡ ಅಂದರು.

ಟ್ರಯಲ್ ದಿನ ನನಗೆ ತುಂಬಾ ಇಷ್ಟವಾಯಿತು. ಗಾರ್ಡ್ ಕೂರಿಸಿ ಮಧ್ಯೆ ತೆಳುವಾದ ನೀಲಿ ಕಾಗದ ಇಟ್ಟು ಟಕ್ ಟಕ್ ಅಂತ ಕಚ್ಚಿಸಿದರು. ಹೊರಗೆ ತೆಗೆದಾಗ ಎಲ್ಲಿ ಹಲ್ಲು ತಾಗುತ್ತದೋ ಅಲ್ಲಿ ನೀಲಿ ಚುಕ್ಕೆ. ಎಡಗಡೆ ದಪ್ಪ ಚುಕ್ಕೆ ಎರಡು, ಬಲಗಡೆ ಏನೂ ಇಲ್ಲ. ದಪ್ಪ ಚುಕ್ಕೆ ಇರುವ ಕಡೆ ಸಣ್ಣ ಮಷಿನ್‌ನಿಂದ ಉಜ್ಜಿದರು. ಮತ್ತೆ ಕಾಗದ, ಮತ್ತೆ ಕಚ್ಚು. ದವಡೆಯನ್ನು ಎಡಕ್ಕೆ ಬಲಕ್ಕೆ ಜರುಗಿಸಿಯೂ ನೋಡಿದರು. ಹೀಗೆ ಎಂಟೊಂಬತ್ತು ಸಲ, ಎರಡೂ ಕಡೆ ಚುಕ್ಕೆ ಸಮ ಆಗುವವರೆಗೆ. ನಾನು ಚಾಕ್‌ನಲ್ಲಿ ಗುರುತು ಹಾಕಿ ಡಾರ್ಟ್ ಬಿಚ್ಚಿ ಮತ್ತೆ ಹಿಡಿಯುವುದೂ ಹೀಗೇ. ಕೈಕೆಲಸ ಮಾಡುವವರು ಇನ್ನೊಬ್ಬರ ಕೈಕೆಲಸ ನೋಡಿದಾಗ ಬರುವ ನಂಬಿಕೆ ಅಲ್ಲಿ ಬಂತು. ಎರಡು ವಾರ ಬಿಟ್ಟು ಮತ್ತೆ ಕರೆದು ಇದನ್ನೇ ಮಾಡಿದರು, ಯಾಕಂದ್ರೆ ಸ್ನಾಯು ಸಡಿಲವಾದ ಮೇಲೆ ಕಚ್ಚುವ ರೀತಿ ಸ್ವಲ್ಪ ಬದಲಾಗುತ್ತದೆ. ನೀವು ಎಲ್ಲೇ ಮಾಡಿಸಿ, ಈ ನೀಲಿ ಕಾಗದದ ಕೆಲಸ ಮಾಡದೆ ಗಾರ್ಡ್ ಕೈಗೆ ಕೊಟ್ಟರೆ ತಗೊಂಡು ಬರಬೇಡಿ. ಕೂತು ಕೇಳಿ ಮಾಡಿಸಿಕೊಳ್ಳಿ.

ಹಾಕಿಕೊಳ್ಳಲು ಮೊದಲ ವಾರ ಕಷ್ಟ. ಜೊಲ್ಲು ಸುರಿದು ದಿಂಬು ಒದ್ದೆ. "ಸ" ಅಂದರೆ "ಶ" ಬರುತ್ತದೆ. ಬೆಳಿಗ್ಗೆ ತೆಗೆದ ಮೇಲೆ ಹತ್ತು ನಿಮಿಷ ಹಲ್ಲು ಸರಿಯಾಗಿ ಕೂಡದ ಹಾಗೆ ಅನಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಇಡೀ ದಿನ ಹಾಗೇ ಇದ್ದರೆ ತೋರಿಸಿ. ಎರಡನೇ ವಾರಕ್ಕೆ ಅಭ್ಯಾಸ ಆಯಿತು. ಈಗ ಹಾಕದಿದ್ದರೇ ಏನೋ ಮರೆತ ಹಾಗೆ. ಕಳೆದ ಚಳಿಗಾಲದಲ್ಲಿ ತಂಗಿ ಮನೆ ಮದುವೆಗೆ ಹೋದಾಗ ಡಬ್ಬಿ ಮರೆತು ಎರಡು ರಾತ್ರಿ ಹಾಗೇ ಮಲಗಿದೆ, ಮೂರನೇ ಬೆಳಿಗ್ಗೆ ಕಣತಲೆ ಹಿಡಿದುಕೊಂಡಿತು.

ಮೂರು ತಿಂಗಳ ಹೊತ್ತಿಗೆ ಗಾರ್ಡ್‌ನ ಮೇಲೆ ಮಸೆದ ಗುರುತು ಕಂಡಿತು. ಬೆಳಕಿಗೆ ಹಿಡಿದರೆ ಆ ಜಾಗ ಮಾತ್ರ ನುಣುಪಾಗಿ ಹೊಳೆಯುತ್ತದೆ. ಆ ಮಸೆತ ನನ್ನ ಹಲ್ಲಿನ ಮೇಲೆ ಆಗಬೇಕಿತ್ತು. ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮೆಲ್, ಒಮ್ಮೆ ಸವೆದರೆ ಮತ್ತೆ ಬೆಳೆಯಲ್ಲ. ಹೊಸ ಫಿಲ್ಲಿಂಗ್ ಇಲ್ಲಿಯವರೆಗೆ ಹಾಗೇ ಇದೆ. ಈ ಒಂದಕ್ಕೇ 2,600 ರೂಪಾಯಿ ಸಾರ್ಥಕ ಅನ್ನುತ್ತೇನೆ.

ಆದರೆ ಒಂದು ಮಾತು ಬಿಚ್ಚಿ ಹೇಳಬೇಕು. ಗಾರ್ಡ್ ಬಂದು ಒಂದು ತಿಂಗಳಾದರೂ ನನ್ನ ತಲೆನೋವು ಅರ್ಧದಷ್ಟೇ ಇಳಿದಿತ್ತು. ದುಡ್ಡು ಕೊಟ್ಟಿದ್ದೇನೆ, ನೋವು ಹೋಗಬೇಕು ಅಂತ ನಾನು ಅಂದುಕೊಂಡಿದ್ದೆ. ಪ್ರೊಫೆಸರ್ ನೇರವಾಗಿ ಹೇಳಿದರು: "ನೋಡಮ್ಮ, ಗಾರ್ಡ್ ಹಲ್ಲನ್ನ ಕಾಯುತ್ತೆ. ಕಚ್ಚೋದನ್ನ ನಿಲ್ಸಲ್ಲ." ನಿದ್ದೆಯಲ್ಲಿ ಮಿದುಳು ಆಗಾಗ ಒಂದೆರಡು ಕ್ಷಣ ಅರೆ ಎಚ್ಚರಕ್ಕೆ ಬರುತ್ತದೆ, ಹೆಚ್ಚಾಗಿ ಆಗಲೇ ದವಡೆ ಬಿಗಿಯುತ್ತದೆ. ಅದು ನಮ್ಮ ಕೈಯಲ್ಲಿ ಇಲ್ಲ. ಹಗಲು ಕಚ್ಚುವುದು ಬೇರೆ, ಅದು ಅಭ್ಯಾಸ, ಅದನ್ನು ನಾವೇ ಬಿಡಿಸಬಹುದು. ಊಟ, ನುಂಗುವುದು ಎಲ್ಲ ಸೇರಿಸಿದರೂ ದಿನಕ್ಕೆ ಹಲ್ಲಿಗೆ ಹಲ್ಲು ತಾಗುವುದು ಸುಮಾರು 20 ನಿಮಿಷ ಅಂತ ಹಲ್ಲಿನ ಡಾಕ್ಟರುಗಳ ಲೆಕ್ಕ. ಉಳಿದ ಹೊತ್ತು ಮಧ್ಯೆ ಸಣ್ಣ ಸಂದು ಇರಬೇಕು. ನನಗೆ ಇದು ಗೊತ್ತೇ ಇರಲಿಲ್ಲ. ಬಾಯಿ ಮುಚ್ಚಿದರೆ ಹಲ್ಲೂ ಕೂಡಿರಬೇಕು ಅಂದುಕೊಂಡಿದ್ದೆ. ನೀವೂ ಓದುತ್ತಾ ಒಂದು ಸಲ ನೋಡಿಕೊಳ್ಳಿ, ಈಗ ನಿಮ್ಮ ಹಲ್ಲು ಎಲ್ಲಿದೆ ಅಂತ.

ಅಂಗಡಿಗೆ ಬಂದು ಒಂದು ದಿನ ಗಮನ ಇಟ್ಟೆ. ಸೂಜಿಗೆ ದಾರ ಪೋಣಿಸುವಾಗ ಕಚ್ಚಿರುತ್ತೇನೆ. ಕತ್ತರಿ ಹಾಕುವ ಮೊದಲು ಕಚ್ಚಿರುತ್ತೇನೆ, ರೇಷ್ಮೆ ಬಟ್ಟೆ ಆದರೆ ಇನ್ನೂ ಗಟ್ಟಿ. ಫೋನ್ ಕಿವಿ ಮತ್ತು ಭುಜದ ಮಧ್ಯೆ ಸಿಕ್ಕಿಸಿಕೊಂಡು ಮಾತಾಡುವಾಗ ಕಚ್ಚಿರುತ್ತೇನೆ. "ಸಂಜೆ ಬೇಕೇ ಬೇಕು" ಅಂತ ಗಿರಾಕಿ ನಿಂತಾಗ ಹೇಳುವುದೇ ಬೇಡ. ಗುಂಡುಪಿನ್ನು ತುಟಿಯಲ್ಲಿ, ದಾರ ಹಲ್ಲಲ್ಲಿ. ದವಡೆ ರಾತ್ರಿ ಮಾತ್ರ ದುಡಿಯುತ್ತಿರಲಿಲ್ಲ, ನನ್ನ ಜೊತೆ ಹಗಲಿಡೀ ದುಡಿಯುತ್ತಿತ್ತು.

ಮಷಿನ್‌ನ ಮುಂಭಾಗದಲ್ಲಿ, ಸೂಜಿಯ ಮೇಲೆ ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಕೆಂಪು ಬಿಂದಿ ಅಂಟಿಸಿದೆ. ಕಟಿಂಗ್ ಟೇಬಲ್ ಮೇಲೆ ಒಂದು, ಫೋನ್ ಹಿಂದೆ ಒಂದು. ಬಿಂದಿ ಕಂಡಾಗಲೆಲ್ಲ ತುಟಿ ಮುಚ್ಚಿ, ಹಲ್ಲುಗಳ ಮಧ್ಯೆ ಸಂದು ಬಿಟ್ಟು, ನಾಲಿಗೆ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಿಗೆ ಹಗುರವಾಗಿ ತಾಗಿಸಿ, ಭುಜ ಇಳಿಸುವುದು. ಮೊದಲ ವಾರ ಪ್ರತಿ ಸಲವೂ ಹಲ್ಲು ಕೂಡಿಯೇ ಇರುತ್ತಿತ್ತು. ಎರಡು ತಿಂಗಳಿಗೆ ಹತ್ತರಲ್ಲಿ ಎರಡು ಮೂರು ಸಲಕ್ಕೆ ಇಳಿಯಿತು. ದಾರಕ್ಕೆ 30 ರೂಪಾಯಿಯ ಕಟ್ಟರ್ ತಂದು ಕೊರಳಿಗೆ ಹಾಕಿಕೊಂಡೆ. ಪಿನ್ನಿಗೆ ಮಣಿಕಟ್ಟಿನ ದಿಂಬು ಹೊಲಿದುಕೊಂಡೆ. ಸಂಜೆ ಮೇಲಿನ ಟೀ ನಿಲ್ಲಿಸಿದೆ. ಮಲಗುವ ಮೊದಲು ಬಿಸಿನೀರಿನ ಬಟ್ಟೆ ಹಿಂಡಿ ಎರಡೂ ಕೆನ್ನೆಗೆ ಹತ್ತು ನಿಮಿಷ ಶಾಖ. ನೋವು ಜಾಸ್ತಿ ಇದ್ದ ಮೊದಲ ಎರಡು ವಾರ ಕಟಕ ರೊಟ್ಟಿ, ಮಿರ್ಚಿ ಮಂಡಕ್ಕಿ, ಚಕ್ಕುಲಿ ಬಂದ್. ಮುದ್ದೆ ಸಾರು ಉಂಡೆ, ಅದಕ್ಕೆ ಅಗಿಯುವ ಕೆಲಸವೇ ಇಲ್ಲವಲ್ಲ. ನಾಲ್ಕನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದು ಹಾಲು ಕಾಯಿಸುತ್ತಿದ್ದಾಗ ತಲೆ ನೋಯುತ್ತಿಲ್ಲ ಅನ್ನುವುದು ಹೊಳೆಯಿತು. ಒಲೆ ಮುಂದೆ ಹಾಗೇ ಸ್ವಲ್ಪ ಹೊತ್ತು ನಿಂತಿದ್ದೆ.

ಮಧ್ಯೆ ಇನ್ನೊಬ್ಬರು ಬೋಟಾಕ್ಸ್ ಸೂಜಿ ಹಾಕಿಸಿಕೊಳ್ಳಿ ಅಂದಿದ್ದರು. ಅದು ಸ್ನಾಯುವಿನ ಬಲ ಕಡಿಮೆ ಮಾಡುತ್ತದೆ, ಕೆಲವು ತಿಂಗಳಿಗೆ ಅದರ ಪರಿಣಾಮ ಹೋಗುತ್ತದೆ, ಮತ್ತೆ ಹಾಕಿಸಬೇಕು. ನನಗೆ ಬೇಕಾಗಲಿಲ್ಲ. ತಂಗಿಯ ಆರು ವರ್ಷದ ಮಗನೂ ಹಲ್ಲು ಕಡಿಯುತ್ತಾನೆ. ಅವನಿಗೂ ಗಾರ್ಡ್ ಮಾಡಿಸಲಾ ಅಂತ ಅವಳು ಕೇಳಿದಳು. ಬೇಡ ಅಂದರು ಡಾಕ್ಟರ್. ಮಕ್ಕಳಲ್ಲಿ ಬಹಳಷ್ಟು ಜನರಿಗೆ ಬೆಳೆಯುತ್ತಾ ತಾನಾಗಿ ನಿಲ್ಲುತ್ತದೆ, ಹಲ್ಲು ಬೆಳೆಯುವ ಬಾಯಿಗೆ ಗಾರ್ಡ್ ಸಾಮಾನ್ಯವಾಗಿ ಹಾಕಲ್ಲ.

ನೋಡಿಕೊಳ್ಳುವುದು ಸುಲಭ. ಬೆಳಿಗ್ಗೆ ತಣ್ಣೀರಿನಲ್ಲಿ, ಬೇರೆಯದೇ ಮೆತ್ತನೆ ಬ್ರಷ್‌ನಿಂದ ಉಜ್ಜಬೇಕು. ಪೇಸ್ಟ್ ಬೇಡ, ಗೀರು ಬೀಳುತ್ತದೆ. ಬಿಸಿನೀರು ಬೇಡವೇ ಬೇಡ, ಆಕಾರ ಕೆಡುತ್ತದೆ. ತೂತಿರುವ ಡಬ್ಬಿಯಲ್ಲಿ ಇಡಬೇಕು. ನಮ್ಮ ಬೋರ್ ನೀರಿಗೆ ಬಿಳಿ ಪೊರೆ ಕಟ್ಟುತ್ತದೆ, ಅದಕ್ಕೆ ವಾರಕ್ಕೊಮ್ಮೆ ಹಲ್ಲುಸೆಟ್ ತೊಳೆಯುವ ಮಾತ್ರೆ ಹಾಕಿ ನೆನೆಸುತ್ತೇನೆ. ಬಣ್ಣ ಸ್ವಲ್ಪ ಹಳದಿಗೆ ತಿರುಗಿದೆ, ಬಿರುಕು ಇಲ್ಲ.

ಐದಕ್ಕೆ ಎಷ್ಟು ಅಂದರೆ, ಆನ್‌ಲೈನ್‌ನದಕ್ಕೆ ಒಂದು, ಮೆತ್ತನೆಯದಕ್ಕೆ ಎರಡು, ಕಾಲೇಜಿನ ಗಟ್ಟಿ ಗಾರ್ಡ್‌ಗೆ ನಾಲ್ಕೂವರೆ. ಆ ಅರ್ಧ ಕಳೆದಿದ್ದು ಐದು ಸಲ ಹೋಗಿ ಕಾದಿದ್ದಕ್ಕೆ. ಆ ಹುಡುಗಿ ಡಾಕ್ಟರ್ ಓದು ಮುಗಿಸಿ ಈಗ ಊರು ಬಿಟ್ಟಿದ್ದಾಳೆ. ಹೋಗುವ ಮೊದಲು ಎರಡು ಬ್ಲೌಸ್ ಹೊಲಿಸಿಕೊಂಡಳು, ಮಷಿನ್ ಮೇಲಿನ ಬಿಂದಿ ನೋಡಿ ಫೋಟೋ ತೆಗೆದುಕೊಂಡಳು. ಮುಂದಿನ ತಿಂಗಳು ನನಗೆ ಚೆಕಪ್ ಇದೆ. ಗಾರ್ಡ್‌ನ ಎಡಗಡೆ ಮತ್ತೆ ಒಂದು ಹೊಳೆಯುವ ಜಾಗ ಕಂಡಿದೆ, ನೀಲಿ ಕಾಗದ ಇಟ್ಟು ನೋಡಿಸಬೇಕು.